ನೀರಿನ ವಯಸ್ಸು

ಕಟ್ಟಡಗಳ ನೀರಿನ ಟ್ಯಾಂಕುಗಳ ಬಗ್ಗೆ ದೋಹಾದ ಒಂದು ಸರ್ಕಾರಿ ಕಚೇರಿ ಕರಡು ನಿಯಮಾವಳಿ ಸಿದ್ಧಪಡಿಸಿ, ಮೂವತ್ತು ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಕಳಿಸಬಹುದು ಎಂದು ವೆಬ್‌ಸೈಟಿನಲ್ಲಿ ಹಾಕಿತ್ತು. ಬಂದದ್ದು ಮೂರೇ ಇಮೇಲು. ಒಂದು, ಟ್ಯಾಂಕು ಮಾರುವ ಕಂಪನಿಯೊಂದರ ಕ್ಯಾಟಲಾಗು. ಇನ್ನೊಂದು, ವಿಳಾಸ ತಪ್ಪಿ ಬಂದ ಯಾರದೋ ರಜೆ ಅರ್ಜಿ. ಮೂರನೆಯದು ಅಮೂಲ್ಯಾಳದು. ಹಾಗಾಗಿ ಸಮಿತಿಯ ಸಭೆಗೆ ತಜ್ಞೆ ಎಂದು ಅವಳನ್ನೇ ಕರೆಯಬೇಕಾಯಿತು.

ಅಮೂಲ್ಯಾಳಿಗೆ ಆಗ ಮೂವತ್ತು ವರ್ಷ. ಮೈಸೂರಿನ ಸರಸ್ವತಿಪುರಂನವಳು. ಸೂಕ್ಷ್ಮಜೀವಿಗಳ ಮೇಲೆ ಪಿಎಚ್‌ಡಿ ಮುಗಿಸಿ, ದೋಹಾದ ಸಂಶೋಧನಾ ಸಂಸ್ಥೆಯೊಂದರಲ್ಲಿ ಎರಡು ವರ್ಷದಿಂದ ಪೋಸ್ಟ್‌ಡಾಕ್ ಸಂಶೋಧಕಿ ಆಗಿದ್ದಳು. ಅಲ್ ಥುಮಾಮಾದ ಒಂದು ಫ್ಲಾಟಿನಲ್ಲಿ ವಾಸ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅವಳ ವಿಷಯ. ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆದು, ಶವರಿನ ಹನಿಗಳ ಜೊತೆ ಮನುಷ್ಯರ ಶ್ವಾಸಕೋಶ ಹೊಕ್ಕು ಜ್ವರ ತರುವ ಜೀವಿ ಅದು. ಅದನ್ನು ಹುಡುಕಿಕೊಂಡು ಅವಳು ಇಂಡಸ್ಟ್ರಿಯಲ್ ಏರಿಯಾದ ಸುತ್ತಮುತ್ತಲ ಕಾರ್ಮಿಕರ ವಸತಿ ಕಟ್ಟಡಗಳ ತಾರಸಿ ಹತ್ತುತ್ತಿದ್ದಳು. ಎರಡು ಬೇಸಿಗೆಯಲ್ಲಿ ಅರವತ್ಮೂರು ಟ್ಯಾಂಕುಗಳ ನೀರು ತಂದು ಪರೀಕ್ಷಿಸಿದ್ದಳು.

ಸರ್ಕಾರದ ವೆಬ್‌ಸೈಟನ್ನು ಅವಳು ತಾನಾಗಿ ನೋಡಿದ್ದಲ್ಲ. ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದವರು ತಾರಾನಾಥ. ಮೂಡುಬಿದಿರೆ ಕಡೆಯವರು, ಐವತ್ಮೂರು ವರ್ಷ, ಎಂಟು ಕಟ್ಟಡಗಳ ಮೇಂಟೆನೆನ್ಸ್ ಫೋರ್‌ಮನ್. ಅವಳಿಗೆ ಟ್ಯಾಂಕಿನ ಮುಚ್ಚಳ ತೆಗೆದುಕೊಡುತ್ತಿದ್ದವರು ಅವರೇ. "ಮೇಡಂ, ಹನ್ನೆರಡನೇ ಪಾಯಿಂಟ್ ನೋಡಿ. ಎಲ್ಲ ಟ್ಯಾಂಕಿಗೂ ನೆರಳು ಮಾಡ್ಬೇಕಂತೆ. ನೀವು ನೆರಳಿನ ಟ್ಯಾಂಕಿನ ಬಗ್ಗೆ ಎಂತದೋ ಹೇಳಿದ ಹಾಗೆ ನೆನಪು," ಎಂದು ಧ್ವನಿ ಸಂದೇಶ ಹಾಕಿದ್ದರು.

ಅವಳು ಹೇಳಿದ್ದು ನಿಜ. ಬಿಸಿಲಿಗೆ ಬಿದ್ದ ತಾರಸಿಯ ಟ್ಯಾಂಕಿನಲ್ಲಿ ಜುಲೈ ಮಧ್ಯಾಹ್ನದ ನೀರು ಐವತ್ತೊಂದು ಡಿಗ್ರಿ ಮುಟ್ಟುತ್ತಿತ್ತು. ಆ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಬರೀ ತಗಡಿನ ನೆರಳು ಮಾಡಿದ ಕಡೆ ನಲವತ್ತೊಂದು ಡಿಗ್ರಿಗೆ ಇಳಿಯುತ್ತಿತ್ತು. ಅದು ಮನುಷ್ಯನಿಗೆ ಸ್ನಾನಕ್ಕೆ ಆಗುವಂಥ ನೀರು, ಲೀಜಿಯೊನೆಲ್ಲಾಕ್ಕೆ ಸಂಸಾರ ಹೂಡಲು ಆಗುವಂಥ ನೀರು. ಇದನ್ನೇ ಅವಳು ಎರಡು ಪುಟದ ಇಮೇಲಿನಲ್ಲಿ ಬರೆದಿದ್ದಳು. ಉತ್ತರ ಬರಬಹುದು ಎಂದು ಅವಳಿಗೆ ಅನಿಸಿರಲಿಲ್ಲ.

ಆಹ್ವಾನ ಬಂದ ದಿನ ಅವಳು ಅದನ್ನು ತನ್ನ ಮೇಲಿನ ವಿಜ್ಞಾನಿ ದೊರೆಸ್ವಾಮಿಯವರಿಗೆ ತೋರಿಸಿದಳು. ಅವರೂ ಮೈಸೂರಿನವರೇ. ಇಪ್ಪತ್ತು ವರ್ಷದಲ್ಲಿ ನೂರ ನಲವತ್ತು ಪ್ರಬಂಧ ಪ್ರಕಟಿಸಿದ್ದರು. ಅವರ ಬಳಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿತ್ತು.

"ಪೇಪರ್ ಮೊದಲು," ಎಂದರು ದೊರೆಸ್ವಾಮಿ. "ಸಮಿತಿಗೆ ಹೋದವರು ಯಾರೂ ಉದ್ಧಾರ ಆಗಿಲ್ಲಮ್ಮ. ಕಾಂಟ್ರ್ಯಾಕ್ಟ್ ರಿನ್ಯೂ ಮಾಡೋವಾಗ ಎಷ್ಟು ಸಭೆಗೆ ಹೋಗಿದ್ದೆ ಅಂತ ನನ್ನ ಯಾರೂ ಕೇಳಲ್ಲ, ನಿನ್ನನ್ನೂ ಕೇಳಲ್ಲ."

"ಅರ್ಧ ದಿನ ಸಾಕು ಸರ್."

"ಹೋಗಿ ಬಾ. ರಜೆ ಹಾಕು."

ಸಭೆ ನಡೆದದ್ದು ವೆಸ್ಟ್ ಬೇಯ ಒಂದು ಟವರಿನ ಮೂವತ್ತೊಂದನೆಯ ಮಹಡಿಯಲ್ಲಿ. ಹದಿನಾಲ್ಕು ಜನರಿದ್ದರು. ಸಮಿತಿಯ ಕಾರ್ಯದರ್ಶಿ ಅರುಂಧತಿ ಬಸವನಗುಡಿಯವರು, ಒಂದು ಕನ್ಸಲ್ಟೆನ್ಸಿಯಿಂದ ಬಂದು ಇಲ್ಲಿ ಹನ್ನೊಂದು ವರ್ಷದಿಂದ ಸಭೆಗಳ ನಡಾವಳಿ ಬರೆಯುತ್ತಿದ್ದವರು. ಅಧ್ಯಕ್ಷರು ಕತಾರಿನವರೇ ಆದ ಹಿರಿಯ ಇಂಜಿನಿಯರು. ಎಲ್ಲರೂ ಅವರನ್ನು ಅರಬ್ಬಿಯಲ್ಲಿ ಇಂಜಿನಿಯರಿಗೆ ಹೇಳುವಂತೆ ಮುಹಂದಿಸ್ ಎಂದೇ ಕರೆಯುತ್ತಿದ್ದರು. ಮಾತು ಕಡಿಮೆ. ಮುಂದೆ ಒಂದು ಸಣ್ಣ ನೋಟ್‌ಬುಕ್ಕು ಇಟ್ಟುಕೊಂಡು, ಬೇಕೆನಿಸಿದ್ದನ್ನು ಮಾತ್ರ ಬರೆಯುತ್ತಿದ್ದರು.

ಅಮೂಲ್ಯಾಳಿಗೆ ಕೊಟ್ಟದ್ದು ಐದು ನಿಮಿಷ. ಅವಳು ತಂದದ್ದು ಇಪ್ಪತ್ನಾಲ್ಕು ಸ್ಲೈಡು. ಒಂಬತ್ತನೆಯ ಸ್ಲೈಡಿನಲ್ಲಿ ಐದು ನಿಮಿಷ ಮುಗಿಯಿತು. ಉಳಿದದ್ದನ್ನು ಅವಳು ಬಸ್ಸು ಹಿಡಿಯುವವಳಂತೆ ಓಡಿಸಿ, ಕೊನೆಯ ಸ್ಲೈಡಿಗೆ ಬಂದು ನಿಂತಳು. ಅದರಲ್ಲಿ, ಈ ವಿಷಯದಲ್ಲಿ ಇನ್ನಷ್ಟು ಸಂಶೋಧನೆ ಅಗತ್ಯ ಎಂದಿತ್ತು. ಅವಳ ಎಲ್ಲ ಪ್ರಬಂಧಗಳೂ ಹಾಗೆಯೇ ಮುಗಿಯುತ್ತಿದ್ದವು.

ಮುಹಂದಿಸ್ ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ.

ಕಟ್ಟಡ ಮಾಲೀಕರ ಪರವಾಗಿ ಬಂದಿದ್ದ ನೀಲಿ ಸೂಟಿನ ಒಬ್ಬರು ಕೈ ಎತ್ತಿದರು. "ಡಾಕ್ಟರ್‌ಗೆ ಧನ್ಯವಾದ. ಬಹಳ ಉಪಯುಕ್ತವಾಯಿತು. ಅಂದರೆ ಬಿಸಿ ನೀರೇ ಸುರಕ್ಷಿತ. ನೆರಳು ಮಾಡಿದರೆ ರೋಗ. ಹನ್ನೆರಡನೆಯ ಕಲಮನ್ನು ಕೈಬಿಡೋಣ. ಸಂಶೋಧನೆ ಮುಗಿದ ಮೇಲೆ ನೋಡಬಹುದು."

"ನಾನು ಹೇಳಿದ್ದು ಅದಲ್ಲ," ಎಂದಳು ಅಮೂಲ್ಯಾ.

"ಹಾಗಾದರೆ ನೆರಳು ಮಾಡಬೇಕು ಅನ್ನುತ್ತೀರಾ?"

"ಬರೀ ನೆರಳು ಸಾಲದು ಅಂತ..."

"ಮತ್ತೇನು ಮಾಡಬೇಕು?"

ಅಮೂಲ್ಯಾ ಸ್ಲೈಡುಗಳನ್ನು ಹಿಂದಕ್ಕೆ ಸರಿಸಿ ಹುಡುಕಿದಳು. ಅವಳ ಬಳಿ ಅರವತ್ಮೂರು ಟ್ಯಾಂಕುಗಳ ಲೆಕ್ಕವಿತ್ತು, ಏನು ಮಾಡಬೇಕು ಎಂಬುದಿರಲಿಲ್ಲ. ಅದು ತನ್ನ ಕೆಲಸ ಎಂದು ಅವಳು ಯಾವತ್ತೂ ಅಂದುಕೊಂಡಿರಲಿಲ್ಲ. ಮುಹಂದಿಸ್ ಗಡಿಯಾರ ನೋಡಿ, ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಹನ್ನೆರಡನೆಯ ಕಲಮು ತಾತ್ಕಾಲಿಕವಾಗಿ ಹೊರಬಿತ್ತು.

ಸಭೆ ಮುಗಿದ ಮೇಲೆ ಅರುಂಧತಿ ಅವಳನ್ನು ಪ್ಯಾಂಟ್ರಿಗೆ ಕರೆದುಕೊಂಡು ಹೋಗಿ ಎರಡು ಕಪ್ ಕರಕ್ ಚಹಾ ತರಿಸಿದರು.

"ಬೇಜಾರು ಮಾಡ್ಕೋಬೇಡಿ. ವಿಜ್ಞಾನಿಗಳೆಲ್ಲ ಮೊದಲನೇ ಸಲ ಹೀಗೇ ಮಾಡೋದು. ಹೆಚ್ಚಿನವರಿಗೆ ಎರಡನೇ ಸಲ ಅಂತ ಇರಲ್ಲ."

"ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಮೇಡಂ."

"ತಪ್ಪಿರಲಿಲ್ಲ ಕಣ್ರೀ. ಆದ್ರೆ ನಿಮಗೇನು ಬೇಕು ಅಂತ ನೀವು ಹೇಳ್ಲಿಲ್ಲ. ಆ ನೀಲಿ ಸೂಟ್ ಹೇಳಿದ್ರು. ನಡಾವಳೀಲಿ ನಾನೇನು ಬರೀಲಿ, ಡಾಕ್ಟರ್ ಅಮೂಲ್ಯಾ ಚಿಂತಿತರಾಗಿದ್ದರು ಅಂತ ಬರೀಲಾ?" ಅರುಂಧತಿ ಚಹಾ ಮುಗಿಸಿ ಕಪ್ ಇಟ್ಟರು. "ಆರು ವಾರಕ್ಕೆ ಇನ್ನೊಂದು ಸಭೆ ಇದೆ. ಅಲ್ಲೀವರೆಗೂ ಕಲಮು ತೆಗೆದದ್ದು ಖಾಯಂ ಅಲ್ಲ. ಒಂದು ಪುಟ ತನ್ನಿ. ಯಾರು, ಏನು ಮಾಡಬೇಕು, ಯಾವಾಗಿಂದ. ಮುಹಂದಿಸ್ ಒಂದೇ ಪುಟ ಓದೋದು. ಆದ್ರೆ ಓದ್ತಾರೆ, ಅದು ನಂಗೆ ಗೊತ್ತು."

ಆ ಶುಕ್ರವಾರ ಅಮೂಲ್ಯಾ ಟ್ಯಾಕ್ಸಿ ಹಿಡಿದು, ಬರ್ವಾ ಅಲ್ ಬರಾಹಾ ಬಡಾವಣೆ ದಾಟಿ, ತಾರಾನಾಥರ ಕಟ್ಟಡಕ್ಕೆ ಹೋದಳು. ತನ್ನಿಂದಾಗಿ ನೆರಳಿನ ಕಲಮು ಬಿದ್ದುಹೋಯಿತು ಎಂದು ಫೋನಿನಲ್ಲಿ ಹೇಳಲು ಅವಳಿಗೆ ಮನಸ್ಸಾಗಿರಲಿಲ್ಲ.

ತಾರಾನಾಥ ಪೂರ್ತಿ ಕೇಳಿಸಿಕೊಂಡರು. "ಅಂದರೆ ಈಗ ನೆರಳೂ ಇಲ್ಲ," ಎಂದರು.

"ಇಲ್ಲ ಅಣ್ಣ."

"ನಾನೇ ನಿಮಗೆ ಕಳಿಸಿದ್ದು ಅದನ್ನು."

"ಹೌದು."

ತಾರಾನಾಥ ಅವಳನ್ನು ಎರಡನೆಯ ಮಹಡಿಯ ಒಂದು ಕೋಣೆಗೆ ಕರೆದುಕೊಂಡು ಹೋದರು. ಬಂಟ್ವಾಳದ ಬೋಜ ಎಂಬ ಮೇಸ್ತ್ರಿ ಅಲ್ಲಿದ್ದರು. ಅವರ ಮಂಚದ ಕೆಳಗೆ ಮುಚ್ಚಳ ಹಾಕಿದ ಒಂದು ಬಕೆಟು. ಎದುರಿನ ಮೂರು ಮಂಚಗಳ ಕೆಳಗೂ ಬಕೆಟುಗಳು. ಬೆಳಗಿನ ಐದಕ್ಕೆ ನಲ್ಲಿಯ ನೀರು ಸ್ವಲ್ಪ ತಣ್ಣಗಿರುವಾಗ ಹಿಡಿದಿಟ್ಟು, ಮೂರು ಗಂಟೆಗೆ ಕೆಲಸದಿಂದ ಬಂದ ಮೇಲೆ ಅದರಲ್ಲಿ ಸ್ನಾನ.

"ಮಧ್ಯಾಹ್ನದ ನೀರಲ್ಲಿ ಸ್ನಾನ ಆಗುದಿಲ್ಲವಾ?" ಎಂದು ತಾರಾನಾಥ ಅವಳ ಪರವಾಗಿ ಕೇಳಿದರು.

"ಮೊಟ್ಟೆ ಬೇಯುದಿಲ್ಲ," ಎಂದರು ಬೋಜ. "ಇಟ್ಟು ನೋಡಿದ್ದೇವೆ. ಆದರೆ ಮನುಷ್ಯರಿಗೆ ಕಷ್ಟ."

ತನ್ನ ಎರಡು ಬೇಸಿಗೆಯ ಸಂಶೋಧನೆಯಲ್ಲಿ ಅಮೂಲ್ಯಾ ಟ್ಯಾಂಕಿನ ಮುಚ್ಚಳ ತೆಗೆದು ನೀರು ತುಂಬಿಕೊಂಡು ಹೋಗಿದ್ದಳೇ ಹೊರತು ಒಂದು ಮಹಡಿ ಕೆಳಗೆ ಇಳಿದು ಮಂಚದಡಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಬೋಜರ ಬಕೆಟಿನಿಂದ ಒಂದು ಬಾಟಲು ನೀರು ಕೇಳಿದಳು. ಸ್ನಾನಕ್ಕೆ ಸಾಲದಾಗುತ್ತದೆ ಎಂದು ಅವರು ಅರ್ಧ ಬಾಟಲು ಕೊಟ್ಟರು.

ತಾರಸಿಗೆ ಹತ್ತಿ ಇಬ್ಬರೂ ಟ್ಯಾಂಕಿನ ಸಣ್ಣ ನೆರಳಿನಲ್ಲಿ ನಿಂತರು.

"ಮೇಡಂ, ನಿಮ್ಮ ಹುಳಕ್ಕೆ ಬೆಳೀಲಿಕ್ಕೆ ಎಷ್ಟು ದಿನ ಬೇಕು?" ಎಂದು ತಾರಾನಾಥ ಕೇಳಿದರು.

"ಒಂದೇ ದಿನದಲ್ಲಿ ಏನೂ ಆಗಲ್ಲ. ನೀರು ಮೂರು ನಾಲ್ಕು ದಿನ ನಿಂತು, ಕ್ಲೋರಿನ್ ಹೋದ ಮೇಲೆ ಶುರು."

"ಈ ಟ್ಯಾಂಕಲ್ಲಿ ನಾಲ್ಕು ದಿನದ ನೀರು ಹಿಡೀತದೆ. ಇಷ್ಟು ಜನಕ್ಕೆ ಇಷ್ಟು ದೊಡ್ಡ ಟ್ಯಾಂಕ್ ಯಾರು ಇಟ್ಟದ್ದೋ. ಮೇಲೆ ನಿಂತೇ ಬಿಸಿಯಾಗುದು ಅದು. ಕೆಳಗೆ ಸಂಪಿನಲ್ಲಿ ನೆಲದ ಒಳಗೆ ನೀರು ಅಷ್ಟು ಬಿಸಿ ಇಲ್ಲ, ಕ್ಲೋರಿನ್ ವಾಸನೆಯೂ ಉಂಟು." ಅವರು ಮುಚ್ಚಳ ಎತ್ತಿ, ನೀರಿನ ಮೇಲೆ ತೇಲುತ್ತಿದ್ದ ಚೆಂಡನ್ನೂ ಅದರ ಕಂಬಿಯನ್ನೂ ತೋರಿಸಿದರು. "ಈ ಬಾಲ್ ಕಾಕಿನ ಕಂಬಿ ಬಗ್ಗಿಸಿದರೆ ಟ್ಯಾಂಕು ಕಾಲು ಭಾಗ ಮಾತ್ರ ತುಂಬ್ತದೆ. ಒಂದು ದಿನದ ನೀರು. ಖಾಲಿ ಆದ ಹಾಗೆ ಕೆಳಗಿಂದ ಬರ್ತದೆ. ನೀರು ಹಳತಾಗುದಿಲ್ಲ."

"ನೀರು ಹಳತಾಗೋದು," ಎಂದಳು ಅಮೂಲ್ಯಾ. ಅವಳು ಓದಿದ ಪ್ರಬಂಧಗಳಲ್ಲಿ ಅದಕ್ಕೆ ನೀರಿನ ವಯಸ್ಸು ಎಂಬ ಹೆಸರಿತ್ತು. ಐವತ್ತು ಸಲ ಓದಿದ್ದಳು. ಕಂಬಿ ಬಗ್ಗಿಸಬಹುದು ಎಂದು ಎಲ್ಲೂ ಬರೆದಿರಲಿಲ್ಲ.

"ಮಾಲೀಕರ ಪರ್ಮಿಷನ್ ಬೇಡವಾ ಅಣ್ಣ?"

"ಬಾಲ್ ಕಾಕ್ ಸರಿ ಮಾಡುದು ನನ್ನ ಕೆಲಸ. ಅದಕ್ಕೇ ಅಲ್ವಾ ಸಂಬಳ ಕೊಡುದು."

ಆ ಕಟ್ಟಡಕ್ಕೆ ಎರಡು ಬ್ಲಾಕು, ಎರಡು ಟ್ಯಾಂಕು. ಬೋಜರಿದ್ದ ಬ್ಲಾಕಿನ ಟ್ಯಾಂಕಿಗೆ ತಾರಾನಾಥ ಹಳೆ ಶಟರಿಂಗ್ ಹಲಗೆಗಳಿಂದ ನೆರಳು ಕಟ್ಟಿ, ಕಂಬಿ ಬಗ್ಗಿಸಿದರು. ಇನ್ನೊಂದನ್ನು ಇದ್ದ ಹಾಗೇ ಬಿಟ್ಟರು. ಅಮೂಲ್ಯಾ ದಿನ ಬಿಟ್ಟು ದಿನ ಬಂದು ಎರಡರಿಂದಲೂ ನೀರು ಒಯ್ದಳು. ಮೊದಲ ವಾರದಲ್ಲೇ ಬೋಜರ ಬ್ಲಾಕಿನ ಮಧ್ಯಾಹ್ನದ ನೀರು ಮೂವತ್ತೆಂಟಕ್ಕೆ ಇಳಿಯಿತು, ಕ್ಲೋರಿನ್ ಉಳಿಯಿತು, ಲ್ಯಾಬಿನ ಪರೀಕ್ಷಾ ತಟ್ಟೆಗಳಲ್ಲಿ ಒಂದೂ ಲೀಜಿಯೊನೆಲ್ಲಾ ಮೊಳೆಯಲಿಲ್ಲ. ಅರ್ಧ ಬಾಟಲಿನ ಬಕೆಟ್ ನೀರಿನಲ್ಲಿ ಮಾತ್ರ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ದಂಡಿಯಾಗಿ ಬೆಳೆದಿದ್ದವು. ಟ್ಯಾಂಕಿನ ಫಲಿತಾಂಶ ನೋಡಿ ಅಮೂಲ್ಯಾಳಿಗೆ ಖುಷಿಯಾಯಿತು.

ಮೊದಲ ಶುಕ್ರವಾರ ಅರ್ಧ ಜನ ಓವರ್‌ಟೈಮಿಗೆ ಹೋಗಿದ್ದರಿಂದ ನೀರು ಸಾಕಾಗಿತ್ತು. ಎರಡನೆಯ ಶುಕ್ರವಾರ ಹತ್ತು ಗಂಟೆಗೆ ಟ್ಯಾಂಕು ಖಾಲಿಯಾಯಿತು. ಶುಕ್ರವಾರ ರಜೆ, ನೂರ ಇಪ್ಪತ್ತು ಜನ ಒಟ್ಟಿಗೆ ಸ್ನಾನ ಮಾಡಿ, ಒಟ್ಟಿಗೆ ಬಟ್ಟೆ ಒಗೆಯುವ ದಿನ. ಮೇಲಕ್ಕೆ ನೀರು ದೂಡುವ ಪಂಪು ಚಿಕ್ಕದು. ಅಮೂಲ್ಯಾ ಐಸ್ ಪೆಟ್ಟಿಗೆ ಹಿಡಿದು ಮೆಟ್ಟಿಲು ಹತ್ತುವಾಗ ಬೋಜ ಕಾರಿಡಾರಿನಲ್ಲಿ ಲುಂಗಿ ಸುತ್ತಿಕೊಂಡು ನಿಂತಿದ್ದರು. ತಲೆಯ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಅವರ ಹಿಂದೆ ಅದೇ ಸ್ಥಿತಿಯಲ್ಲಿ ಇನ್ನೂ ಏಳೆಂಟು ಜನ.

"ಮೇಡಂ, ಮೊದಲು ಬಿಸಿ ನೀರು ಇತ್ತು," ಎಂದರು ಬೋಜ. "ಈಗ ನೀರೇ ಇಲ್ಲ. ಇದು ನಿಮ್ಮ ಪರೀಕ್ಷೆಯಾ?"

"ಹೌದು," ಎಂದಳು ಅಮೂಲ್ಯಾ. "ತಪ್ಪು ನಂದೇ. ಶುಕ್ರವಾರದ ಲೆಕ್ಕ ಹಾಕಿರಲಿಲ್ಲ."

ಇನ್ನೊಂದು ಬ್ಲಾಕಿನಿಂದ ಬಿಸಿ ನೀರಿನ ಬಕೆಟುಗಳನ್ನು ಸಾಲುಗಟ್ಟಿ ಸಾಗಿಸಬೇಕಾಯಿತು. ಅಮೂಲ್ಯಾಳೂ ಹೊತ್ತಳು. ಯಾರೂ ಬೈಯಲಿಲ್ಲ, ಯಾರೂ ಬೇಡ ಎಂದೂ ಹೇಳಲಿಲ್ಲ. ತಾರಾನಾಥ ಎರಡು ಖಾಲಿ ಬಕೆಟ್ ಹಿಡಿದು ಅವಳ ಪಕ್ಕಕ್ಕೆ ಬಂದರು. "ಗುರುವಾರ ಸಾಯಂಕಾಲ ಕಂಬಿ ಎತ್ತುದು, ಶನಿವಾರ ಪುನಃ ಇಳಿಸುದು. ನನಗೆ ಹೊಳೀಬೇಕಿತ್ತು. ಮೂವತ್ತು ವರ್ಷ ಆಯ್ತು ಇದೇ ಕೆಲಸ ಮಾಡ್ಲಿಕ್ಕೆ ಶುರು ಮಾಡಿ."

ಆ ವಾರದಿಂದ ಹಾಗೇ ಮಾಡಿದರು. ಮತ್ತೆ ನೀರು ನಿಲ್ಲಲಿಲ್ಲ. ಮೂರನೆಯ ವಾರ ಬೋಜರ ಕೋಣೆಯ ಒಂದು ಬಕೆಟಿನಲ್ಲಿ ನೀರಿನ ಬದಲು ಈರುಳ್ಳಿ ಇತ್ತು.

ಒಂದು ಪುಟ ಬರೆಯುವುದು ಇಪ್ಪತ್ನಾಲ್ಕು ಸ್ಲೈಡು ಮಾಡಿದ್ದಕ್ಕಿಂತ ಕಷ್ಟವಾಯಿತು. ಅಮೂಲ್ಯಾ ಬರೆದದ್ದನ್ನು ಅರುಂಧತಿಗೆ ಕಳಿಸುತ್ತಿದ್ದಳು. ಅರುಂಧತಿ ಅದರಲ್ಲಿನ 'ಬಹುಶಃ'ಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ವಾಪಸು ಕಳಿಸುತ್ತಿದ್ದರು. ಅಷ್ಟೊಂದು ಬೇಡ, ಒಂದು ಸಾಕು, ಅದು ಎಲ್ಲಿರಬೇಕೋ ನೀವೇ ನೋಡಿ ಇಡಿ, ಎನ್ನುತ್ತಿದ್ದರು. ಆರನೆಯ ಸಲಕ್ಕೆ ಪುಟದಲ್ಲಿ ಮೂರು ವಾಕ್ಯ ಉಳಿದವು. ಟ್ಯಾಂಕಿಗೆ ನೆರಳು ಮಾಡಬೇಕು. ಬೇಸಿಗೆಯಲ್ಲಿ ತಾರಸಿಯ ಮೇಲೆ ಒಂದು ದಿನಕ್ಕೆ ಬೇಕಾದಷ್ಟೇ ನೀರು ನಿಲ್ಲಬೇಕು, ರಜೆಯ ದಿನ ಬಿಟ್ಟು. ವಾರಕ್ಕೊಮ್ಮೆ ನಲ್ಲಿಯಲ್ಲಿ ಕ್ಲೋರಿನ್ ಅಳೆಯಬೇಕು. ಕೆಳಗೆ ಒಂದು ಸಣ್ಣ ಕೋಷ್ಟಕ. ಅದರ ಕೆಳಗೆ, ಪ್ರಯೋಗದ ಹನ್ನೆರಡನೆಯ ದಿನ ನೀರು ನಿಂತುಹೋದದ್ದರ ಬಗ್ಗೆ ಎರಡು ಸಾಲು.

"ಈ ಎರಡು ಸಾಲು ತೆಗೀರಿ," ಎಂದರು ಅರುಂಧತಿ. "ನೀಲಿ ಸೂಟ್ ಹಿಡ್ಕೊಂಡು ಬಿಡ್ತಾರೆ."

"ಅದು ಆಗಿದ್ದು ನಿಜ ಮೇಡಂ."

"ಅದಕ್ಕೇ ಹೇಳಿದ್ದು." ಪುಟವನ್ನು ಇನ್ನೊಮ್ಮೆ ಓದಿ ಅಂದರು, "ಇರಲಿ ಬಿಡಿ."

ಆಗಸ್ಟ್ ಕೊನೆಯ ಆ ಸಭೆಗೆ ಅಮೂಲ್ಯಾ ತಾರಾನಾಥರನ್ನೂ ಕರೆದುಕೊಂಡು ಹೋದಳು. ಹೆಸರು ಪಟ್ಟಿಯಲ್ಲಿ ಇಲ್ಲದ್ದರಿಂದ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೆಳಗೆ ಲಾಬಿಯ ಸೋಫಾದ ಅಂಚಿನಲ್ಲಿ ಕುಳಿತರು.

ಮೇಲೆ ಮುಹಂದಿಸ್ ಪುಟವನ್ನು ಎರಡು ಸಲ ಓದಿದರು. ನೀಲಿ ಸೂಟಿನವರು ಒಂದು ಸಲ ಓದಿ, ಕೊನೆಯ ಎರಡು ಸಾಲಿನ ಮೇಲೆ ಬೆರಳಿಟ್ಟರು.

"ಡಾಕ್ಟರ್ ಅವರೇ ಬರೆದಿದ್ದಾರೆ. ನೂರ ಇಪ್ಪತ್ತು ಜನಕ್ಕೆ ಅರ್ಧ ದಿನ ನೀರಿಲ್ಲ. ಇದು ಎಲ್ಲ ಕಟ್ಟಡಗಳಲ್ಲೂ ಆದರೆ ಉತ್ತರ ಕೊಡುವವರು ಯಾರು?"

"ಅರ್ಧ ದಿನ ಅಲ್ಲ, ಎರಡು ಗಂಟೆ," ಎಂದಳು ಅಮೂಲ್ಯಾ. "ಶುಕ್ರವಾರದ ಬಳಕೆ ಮರೆತದ್ದರಿಂದ ಹಾಗಾಯಿತು. ಬೇರೆಯವರು ಮರೆಯಬಾರದು ಅಂತಲೇ ಬರೆದದ್ದು. ಆಮೇಲೆ ಒಂದು ಸಲವೂ ನಿಂತಿಲ್ಲ."

"ನಿಮಗೆ ಖಚಿತವೇ?" ಎಂದು ಕೇಳಿದವರು ಮುಹಂದಿಸ್. ಅವರು ಅವಳೊಡನೆ ನೇರವಾಗಿ ಆಡಿದ ಮೊದಲ ಮಾತು ಅದು.

ಒಂದು ಕಟ್ಟಡ, ಮೂರು ವಾರ, ಹನ್ನೊಂದು ಜೊತೆ ಮಾದರಿ. ಇಷ್ಟರ ಮೇಲೆ ಖಚಿತ ಎಂದು ಬರೆದ ವಿದ್ಯಾರ್ಥಿಯ ಪ್ರಬಂಧವನ್ನು ಅವಳು ಹಿಂದೆ ಕಳಿಸುತ್ತಿದ್ದಳು. "ಈ ಕಟ್ಟಡದ ಮಟ್ಟಿಗೆ ಖಚಿತ," ಎಂದಳು. "ಉಳಿದ ಕಡೆ ಎಷ್ಟು ಇಳಿಯುತ್ತೆ ಅಂತ ಹೇಳಲಾರೆ. ಈಗ ಇರೋದಕ್ಕಿಂತ ಒಳ್ಳೆಯದಾಗುತ್ತೆ ಅಂತ ಹೇಳಬಲ್ಲೆ. ಅಳೀತಾ ಹೋದರೆ ಎರಡೂ ಗೊತ್ತಾಗುತ್ತೆ."

ಮುಹಂದಿಸ್ ನೋಟ್‌ಬುಕ್ಕಿನಲ್ಲಿ ಏನೋ ಬರೆದರು. "ಕಂಬಿ ಬಗ್ಗಿಸಿದವರು ಯಾರು?"

"ತಾರಾನಾಥ್ ಅಂತ, ಫೋರ್‌ಮನ್. ಕೆಳಗೆ ಲಾಬಿಯಲ್ಲಿದ್ದಾರೆ."

"ಕರೆಯಿರಿ."

ತಾರಾನಾಥ ಬಂದರು. ಕೂರಲು ಹೇಳಿದರೂ ಕೂರಲಿಲ್ಲ. ಮೇಜಿನ ಮೇಲಿದ್ದ ಒಂದು ಗಾಜಿನ ಲೋಟ ತೆಗೆದುಕೊಂಡು, ಅದರ ಅಂಚಿಗೆ ಚಮಚ ಆನಿಸಿ, ಹಿಂದಿ, ಇಂಗ್ಲಿಷು, ಅರಬ್ಬಿ ಬೆರೆಸಿ ವಿವರಿಸಿದರು. ಚಮಚ ಹೀಗಿದ್ದರೆ ನೀರು ಇಲ್ಲಿಯವರೆಗೆ, ಹೀಗಾದರೆ ಇಲ್ಲಿಯವರೆಗೆ, ಖಲಾಸ್. ಎಷ್ಟು ಹೊತ್ತಿನ ಕೆಲಸ ಎಂದು ಮುಹಂದಿಸ್ ಕೇಳಿದರು. ಟ್ಯಾಂಕಿಗೆ ಹತ್ತು ನಿಮಿಷ. ಏಣಿ ಹುಡುಕುವುದಕ್ಕೆ ಅರ್ಧ ಗಂಟೆ ಎಂದರು ತಾರಾನಾಥ. ಮುಹಂದಿಸ್ ಚಮಚವನ್ನು ತಾವೇ ತೆಗೆದುಕೊಂಡು ಒಂದು ಸಲ ಬಾಗಿಸಿ ನೋಡಿದರು.

ಇಪ್ಪತ್ತು ಕಟ್ಟಡಗಳಲ್ಲಿ ಸೆಪ್ಟೆಂಬರ್ ಪೂರ್ತಿ ಪ್ರಯೋಗ ಮಾಡುವುದು ಎಂದಾಯಿತು. ಹದಿನೇಳರಲ್ಲಿ ಸರಿಹೋಯಿತು, ಮೂರರಲ್ಲಿ ಪಂಪು ಬದಲಿಸಬೇಕಾಯಿತು. ಮಾರ್ಚ್ ತಿಂಗಳಲ್ಲಿ ನಿಯಮಾವಳಿ ಹೊರಬಂತು. ಹನ್ನೆರಡನೆಯ ಕಲಮಿನಲ್ಲಿ ನೆರಳಿಗೂ ಒಂದು ದಿನದ ನೀರಿಗೂ 'ತಕ್ಕದ್ದು' ಎಂಬ ಅರ್ಥದ ಕಡ್ಡಾಯದ ಪದ ಸೇರಿತು. ಕ್ಲೋರಿನ್ ಅಳೆಯುವುದಕ್ಕೆ ಮಾತ್ರ 'ಅಪೇಕ್ಷಣೀಯ' ಎಂದಾಗಿತ್ತು. ಅದೊಂದು ಪದಕ್ಕಾಗಿ ಕಟ್ಟಡ ಮಾಲೀಕರು ಮೂರು ಪತ್ರ ಬರೆದಿದ್ದರು ಎಂದು ಅರುಂಧತಿ ಹೇಳಿದರು. ಅಮೂಲ್ಯಾ ನಾಲ್ಕನೆಯದನ್ನು ತಾನು ಬರೆಯಬೇಕಿತ್ತು ಎಂದು ಎರಡು ದಿನ ಕೊರಗಿದಳು. ನಿಯಮಾವಳಿಯ ಪುಸ್ತಿಕೆಯಲ್ಲಿ ಅವಳ ಹೆಸರಾಗಲಿ ತಾರಾನಾಥರ ಹೆಸರಾಗಲಿ ಇರಲಿಲ್ಲ. ತಾಂತ್ರಿಕ ನೆರವು ನೀಡಿದ ಎಲ್ಲರಿಗೂ ವಂದನೆ ಎಂದಿತ್ತು.

ದೊರೆಸ್ವಾಮಿಯವರು ಪುಸ್ತಿಕೆಯನ್ನು ಕೇಳಿ ತೆಗೆದುಕೊಂಡು ಹೋಗಿ, ಮರುದಿನ ಹಿಂದಿರುಗಿಸಿದರು. ಸಂಸ್ಥೆಯ ವಾರ್ಷಿಕ ವರದಿಯಲ್ಲಿ 'ನಮ್ಮ ಗುಂಪಿನ ಕೊಡುಗೆ' ಎಂದು ಸೇರಿಸಿದ್ದೇನೆ ಎಂದರು. ಹೊಸದಾಗಿ ಬಂದ ಪೋಸ್ಟ್‌ಡಾಕ್‌ಗಳಿಗೆ ಇದರ ಬಗ್ಗೆ ಅರ್ಧ ಗಂಟೆ ಮಾತಾಡು ಎಂದೂ ಹೇಳಿದರು. ಹನ್ನೊಂದು ಜನ ಬಂದಿದ್ದರು. ಕರಡುಗಳು ಯಾವ ವೆಬ್‌ಸೈಟಿನಲ್ಲಿ ಬರುತ್ತವೆ, ಒಂದು ಪುಟ ಹೇಗೆ ಬರೆಯಬೇಕು, ಬರೆಯುವ ಮೊದಲು ಯಾರ ಮನೆಯ ನಲ್ಲಿ ತಿರುಗಿಸಿ ನೋಡಬೇಕು ಎಂದು ಅಮೂಲ್ಯಾ ಹೇಳಿದಳು. ಕೇರಳದ ಜಸೀಲಾ ಎಂಬ ರಸಾಯನಶಾಸ್ತ್ರಜ್ಞೆ ಎದ್ದು, ಇದು ಬಡ್ತಿಗೆ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದಳು.

"ಇಲ್ಲ," ಎಂದಳು ಅಮೂಲ್ಯಾ.

ಜಸೀಲಾ ಅದನ್ನು ಬರೆದುಕೊಂಡಳು. ಆಮೇಲೆ ವೆಬ್‌ಸೈಟಿನ ಹೆಸರು ಇನ್ನೊಮ್ಮೆ ಕೇಳಿ ಅದನ್ನೂ ಬರೆದುಕೊಂಡಳು.

ಜೂನ್‌ನಲ್ಲಿ, ಹೊಸ ನಿಯಮ ಜಾರಿಗೆ ಬಂದ ಮೊದಲ ಬೇಸಿಗೆಯಲ್ಲಿ, ಅಮೂಲ್ಯಾ ತಾನು ಹಿಂದೆ ನೋಡಿರದ ಒಂದು ಕಟ್ಟಡಕ್ಕೆ ಮಾದರಿ ತರಲು ಹೋದಳು. ಮಧ್ಯಾಹ್ನದ ಮೂರೂವರೆ. ಬಸ್ಸುಗಳು ಆಗಷ್ಟೇ ಬಂದಿದ್ದವು. ನೆಲಮಹಡಿಯ ಸ್ನಾನದ ಕೋಣೆಗಳ ಬಾಗಿಲುಗಳೆಲ್ಲ ಮುಚ್ಚಿದ್ದವು, ಒಳಗೆ ನೀರು ಸುರಿಯುತ್ತಿತ್ತು, ಬಕೆಟಿಲ್ಲದೆ ಬರೀ ಟವೆಲು ಹೆಗಲಿಗೆ ಹಾಕಿಕೊಂಡ ಜನ ಹೊರಗೆ ಸಾಲು ನಿಂತಿದ್ದರು. ನೀರಿನ ಮಾದರಿಗೆ ಒಂದು ನಲ್ಲಿ ಬೇಕಿತ್ತು ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಸಾಲಿನ ಕೊನೆಯಲ್ಲಿದ್ದವನು ಸ್ವಲ್ಪ ಸರಿದು ತನ್ನ ಹಿಂದೆ ಜಾಗ ತೋರಿಸಿದ. ಅವಳು ಐಸ್ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಅದರ ಪಕ್ಕದಲ್ಲಿ ಕೂತಳು. ಅವಳ ಸರದಿ ಬರಲು ನಲವತ್ತು ನಿಮಿಷ ಹಿಡಿಯಿತು.